ನಗರದ ನಡುಭಾಗಕ್ಕೆ ಕಾರು ತಂದರೆ ಶುಲ್ಕ: ಯಾವ ಪದ್ಧತಿ ಯಾವ ಊರಿಗೆ?

ನಗರದ ನಡುಭಾಗಕ್ಕೆ ವಾಹನ ತರುವವರಿಂದ ಹಣ ತೆಗೆದುಕೊಳ್ಳಬೇಕು ಎಂಬ ಮಾತು ಎದ್ದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು? ಪತ್ರಿಕೆಯ ತಲೆಬರಹದಲ್ಲೂ ಅದೇ, ವಿರೋಧಿಸುವವರ ಬಾಯಲ್ಲೂ ಅದೇ. ಬೇರೆ ಬೇರೆ ನಗರಗಳ ಕತೆಯನ್ನು ಓದುತ್ತಾ ಹೋದಂತೆ ನನಗೆ ಮನವರಿಕೆಯಾದದ್ದು ಬೇರೆ. ಹಣ ಯಾವ ಹೊತ್ತಿಗೆ ಬೀಳುತ್ತದೆ? ದಿನಕ್ಕೊಮ್ಮೆ ಬೀಳುತ್ತದೋ, ಬಂದಷ್ಟು ಸಲವೂ ಬೀಳುತ್ತದೋ? ಮೊತ್ತಕ್ಕಿಂತ ಜಾಸ್ತಿ ಕೆಲಸ ಮಾಡುವುದು ಈ ಎರಡು ಸಂಗತಿ. ನಿಮ್ಮ ಮುಂದೆ ಇಂಥದ್ದೊಂದು ಯೋಜನೆ ಬಂದು, ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದರೆ, ಇವೆರಡನ್ನು ಮೊದಲು ನೋಡಿ.

ಮೊದಲು ಸ್ವಲ್ಪ ಲೆಕ್ಕ

ಒಂದು ರಸ್ತೆಯಲ್ಲಿ ಗಂಟೆಗೆ 2,000 ಕಾರು ಹೋಗುತ್ತಿವೆ ಅಂದುಕೊಳ್ಳಿ. ಪ್ರತಿ ಕಾರಿಗೂ 20 ನಿಮಿಷದ ದಾರಿ. ರಸ್ತೆ ಇನ್ನೇನು ತುಂಬುವ ಹಂತದಲ್ಲಿದೆ. ಈಗ ಇನ್ನೊಂದು ಕಾರು ಸೇರಿತು. ಅದರಿಂದ ಉಳಿದ ಪ್ರತಿಯೊಬ್ಬರಿಗೂ ಅರ್ಧ ಸೆಕೆಂಡ್ ತಡವಾಯಿತು. ಯಾರಿಗೂ ಅದು ಗೊತ್ತೇ ಆಗುವುದಿಲ್ಲ. ಆದರೆ ಕೂಡಿಸಿ ನೋಡಿ. 2,000 ಜನರ ಅರ್ಧರ್ಧ ಸೆಕೆಂಡ್ ಸೇರಿದರೆ 1,000 ಸೆಕೆಂಡ್, ಅಂದರೆ ಹೆಚ್ಚುಕಡಿಮೆ 17 ನಿಮಿಷ. ಕೊನೆಗೆ ಬಂದವರು ತಮ್ಮ 20 ನಿಮಿಷವನ್ನು ಲೆಕ್ಕ ಹಾಕಿಯೇ ಮನೆಯಿಂದ ಹೊರಟಿರುತ್ತಾರೆ. ಬೇರೆಯವರಿಂದ ಕಳೆದ 17 ನಿಮಿಷ ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಅವರ ಕೆಟ್ಟತನವಲ್ಲ. ಅದರ ಬಿಲ್ ಯಾರೂ ಅವರ ಕೈಗೆ ಕೊಟ್ಟಿಲ್ಲ, ಅಷ್ಟೆ.

ಆ ಬಿಲ್ ಕೊಡಬೇಕು ಎಂಬ ಆಲೋಚನೆ ಹಳೆಯದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಇದರ ಬುನಾದಿ ಹಾಕಿದರು. ಅದನ್ನು ನಗರದ ಬೀದಿಗೆ ತಂದವರು ವಿಲಿಯಂ ವಿಕ್ರಿ. 1950ರ ದಶಕದಿಂದಲೂ ಅವರು ಹೊತ್ತಿಗೆ ತಕ್ಕ ದರ ಇರಬೇಕು ಎಂದು ಹೇಳುತ್ತಲೇ ಬಂದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಮೂರೇ ದಿನದಲ್ಲಿ ಅವರು ತೀರಿಕೊಂಡರು. ಅವರು ಬಾಳಿದ ನ್ಯೂಯಾರ್ಕ್‌ನಲ್ಲಿ ಶುಲ್ಕ ಜಾರಿಗೆ ಬಂದದ್ದು 2025ರಲ್ಲಿ. ಅದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಇನ್ನೊಂದು ಲೆಕ್ಕ ಇದೆ. ಇದು ಗೊತ್ತಾದರೆ ಅರ್ಧ ವಿರೋಧ ತಣ್ಣಗಾಗುತ್ತದೆ. ಒಂದು ಇಕ್ಕಟ್ಟಿನ ಸೇತುವೆ ನಿಮಿಷಕ್ಕೆ 40 ಕಾರನ್ನು ಮಾತ್ರ ದಾಟಿಸಬಲ್ಲದು. ಬರುವುದು ನಿಮಿಷಕ್ಕೆ 44. ಒಂದು ಗಂಟೆ ಕಳೆಯುವಷ್ಟರಲ್ಲಿ 240 ಕಾರು ಸಾಲಿನಲ್ಲಿ ನಿಂತಿರುತ್ತವೆ. ಕೊನೆಯವರು 6 ನಿಮಿಷ ಕಾಯಬೇಕು. ಈಗ 44ರ ಬದಲು 42 ಬಂದವು ಅನ್ನಿ. ಸಾಲಿನಲ್ಲಿ 120 ಕಾರು, ಕಾಯುವುದು 3 ನಿಮಿಷ. ಕಡಿಮೆಯಾದದ್ದು 22 ಕಾರಿಗೆ ಒಂದು. ಕಾಯುವ ಹೊತ್ತು ಅರ್ಧಕ್ಕೆ ಇಳಿಯಿತು! ಎಲ್ಲರನ್ನೂ ಕಾರಿನಿಂದ ಇಳಿಸಬೇಕಾಗಿಲ್ಲ. ಕೆಲವರು, ಕೆಲವು ದಿನ, ಕೆಲವು ಹೊತ್ತು ಬೇರೆ ದಾರಿ ನೋಡಿಕೊಂಡರೆ ಸಾಕು.

ಹೊತ್ತು ಯಾಕೆ ಮುಖ್ಯ ಎಂಬುದು ಇಲ್ಲೇ ಕಾಣುತ್ತದೆ ಅಲ್ವಾ? ಅದೇ ಸೇತುವೆ ಮಧ್ಯಾಹ್ನ ಎರಡಕ್ಕೆ ಖಾಲಿಯಿದ್ದರೆ ಆಗ ಬಂದ ಕಾರು ಯಾರನ್ನೂ ಕಾಯಿಸುವುದಿಲ್ಲ. ಅದರಿಂದ ಬೆಳಗಿನ ಒಂಬತ್ತರ ದರವನ್ನೇ ಕೀಳುವುದು ತಪ್ಪು ಲೆಕ್ಕ.

ದಿನಕ್ಕೊಂದು ಶುಲ್ಕ: ಲಂಡನ್ ಹಿಡಿದ ದಾರಿ

ಲಂಡನ್‌ನಲ್ಲಿ ಶುಲ್ಕ ಶುರುವಾದದ್ದು 2003ರ ಫೆಬ್ರವರಿ 17ರಂದು. ಆಗ ಮೇಯರ್ ಆಗಿದ್ದವರು ಕೆನ್ ಲಿವಿಂಗ್‌ಸ್ಟನ್. ಸುಮಾರು 21 ಚದರ ಕಿಲೋಮೀಟರ್ ಜಾಗ, ದಿನಕ್ಕೆ 5 ಪೌಂಡ್. ಕ್ಯಾಮೆರಾಗಳು ನಂಬರ್ ಪ್ಲೇಟ್ ಓದುತ್ತವೆ, ಟೋಲ್ ಬೂತ್ ಇಲ್ಲ. ಮೊದಲ ವರ್ಷದಲ್ಲೇ ಒಳಗೆ ಬರುವ ವಾಹನ ಶೇ 18ರಷ್ಟು ಕಡಿಮೆಯಾಯಿತು. ಜಾಮ್‌ನಿಂದಾಗುವ ವಿಳಂಬ ಸುಮಾರು ಶೇ 30 ಇಳಿಯಿತು.

ಇದರ ದೊಡ್ಡ ಗುಣ ಸರಳತೆ. "ಇವತ್ತು ಒಳಗೆ ಹೋದೆಯಾ? ಇಷ್ಟು ಕೊಡು." ಮಕ್ಕಳಿಗೂ ಅರ್ಥವಾಗುತ್ತದೆ. ಹೊಸದಾಗಿ ಶುರು ಮಾಡುವ ಊರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ದೋಷವೂ ಆ ಸರಳತೆಯಲ್ಲೇ ಇದೆ. ಒಮ್ಮೆ ಹಣ ಕಟ್ಟಿದ ಮೇಲೆ ಆ ದಿನದ ಉಳಿದ ಓಡಾಟವೆಲ್ಲ ಪುಕ್ಕಟೆ. ಕೊಟ್ಟ ದುಡ್ಡು ವಸೂಲಾಗಲಿ ಎಂದು ಇನ್ನೆರಡು ಸುತ್ತು ಹೊಡೆಯುವ ಆಸೆ ಯಾರಿಗಾದರೂ ಬರುತ್ತದೆ. ಬೆಳಿಗ್ಗೆ ಎಂಟೂವರೆಗೆ ಬಂದವರಿಗೂ ಹನ್ನೊಂದೂವರೆಗೆ ಬಂದವರಿಗೂ ಒಂದೇ ದರ. ಹಾಗಾದರೆ ಹೊತ್ತು ಬದಲಿಸಲು ಕಾರಣವೇನು? ಇದಕ್ಕೆ ರಿಯಾಯಿತಿಗಳೂ ಸೇರಿದವು. ಬಾಡಿಗೆ ಕ್ಯಾಬ್‌ಗಳಿಗೆ 2019ರ ಏಪ್ರಿಲ್‌ವರೆಗೆ ಲಂಡನ್‌ನಲ್ಲಿ ಶುಲ್ಕವೇ ಇರಲಿಲ್ಲ. ಆ್ಯಪ್ ಕ್ಯಾಬ್‌ಗಳು ಬಂದ ಮೇಲೆ ಆ ಸಣ್ಣ ಕಿಂಡಿ ದೊಡ್ಡ ಬಾಗಿಲಾಯಿತು.

ಶುಲ್ಕ ಬಂದ ನಾಲ್ಕೈದು ವರ್ಷಕ್ಕೆ ಲಂಡನ್‌ನ ವಿಳಂಬ ಹಳೆಯ ಮಟ್ಟಕ್ಕೇ ಮರಳಿತ್ತು. ಇದನ್ನು ತೋರಿಸಿ "ಶುಲ್ಕ ಸೋತಿತು" ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಒಳಗೆ ಬರುವ ವಾಹನದ ಸಂಖ್ಯೆ ಕಡಿಮೆಯೇ ಉಳಿದಿತ್ತು. ನೀರಿನ ಪೈಪ್ ಬದಲಿಸಲು ರಸ್ತೆ ಅಗೆದರು. ಬಸ್ಸಿಗೆ, ನಡೆಯುವವರಿಗೆ ಜಾಗ ಬಿಟ್ಟುಕೊಟ್ಟರು. ಕಾರಿಗೆ ಉಳಿದ ರಸ್ತೆಯೇ ಕಿರಿದಾಯಿತು. ಆದರೂ ಹೊತ್ತಿಗೆ ತಕ್ಕಂತೆ ಏರಿ ಇಳಿಯುವ ದರ ಇದ್ದಿದ್ದರೆ ಪೀಕ್ ಅವರ್‌ನ ಜಾಮ್ ಇಷ್ಟು ಬಿಗಿಯಾಗುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ಲಂಡನ್ ಏರಿಸುತ್ತಾ ಹೋದದ್ದು ಮೊತ್ತವನ್ನು: 2005ಕ್ಕೆ 8 ಪೌಂಡ್, 2011ಕ್ಕೆ 10, 2014ಕ್ಕೆ 11.50, 2020ಕ್ಕೆ 15.

ಇನ್ನೊಂದು ಎಚ್ಚರಿಕೆ. ಮೊದಲ ವರ್ಷಗಳಲ್ಲಿ ಲಂಡನ್ ವಸೂಲು ಮಾಡಿದ ಹಣದಲ್ಲಿ ಸುಮಾರು ಅರ್ಧ ವಸೂಲಿಯ ಖರ್ಚಿಗೇ ಹೋಯಿತು. ಕ್ಯಾಮೆರಾ, ಕಾಲ್ ಸೆಂಟರ್, ದಂಡದ ನೋಟಿಸ್, ಎಲ್ಲಕ್ಕೂ ದುಡ್ಡು ಬೇಕು. ನಿಮ್ಮ ಊರಿನ ಯೋಜನೆ "ಇಷ್ಟು ಕೋಟಿ ಆದಾಯ" ಎಂದರೆ, ಖರ್ಚು ಕಳೆದು ಉಳಿಯುವುದೆಷ್ಟು ಎಂದು ಮರೆಯದೆ ಕೇಳಿ.

ದಾಟಿದಷ್ಟು ಸಲ, ಹೊತ್ತಿಗೆ ತಕ್ಕ ದರ: ಸಿಂಗಪುರ ಮತ್ತು ಸ್ಟಾಕ್‌ಹೋಮ್

ದಿನದ ಪಾಸ್ ಮತ್ತು ಪ್ರತಿ ಸಲದ ದರ, ಎರಡನ್ನೂ ಒಂದೇ ಊರು ಬಳಸಿ ನೋಡಿದ್ದರೆ ಹೋಲಿಸುವುದು ಎಷ್ಟು ಸುಲಭ! ಸಿಂಗಪುರ ಅದನ್ನೇ ಮಾಡಿದೆ. 1975ರ ಜೂನ್‌ನಲ್ಲಿ ಅಲ್ಲಿ ಕಾಗದದ ಪಾಸ್ ಬಂತು. ದಿನಕ್ಕೆ 3 ಸಿಂಗಪುರ ಡಾಲರ್. ಬೆಳಿಗ್ಗೆ 7.30ರಿಂದ 9.30ರವರೆಗೆ ಪಾಸ್ ಅಂಟಿಸದ ಕಾರು ಒಳಗೆ ಹೋಗುವಂತಿಲ್ಲ. ಆ ಹೊತ್ತಿನ ವಾಹನ ಶೇ 40ಕ್ಕೂ ಹೆಚ್ಚು ಕುಸಿಯಿತು. ಆದರೆ ಒಂಬತ್ತೂವರೆ ಹೊಡೆಯುತ್ತಿದ್ದಂತೆ ಗಡಿಯಲ್ಲಿ ಕಾದು ನಿಂತವರೆಲ್ಲ ಒಟ್ಟಿಗೆ ನುಗ್ಗಿದರು. ಕೆಲವೇ ವಾರಗಳಲ್ಲಿ ಗಡುವನ್ನು 10.15ಕ್ಕೆ ಎಳೆಯಬೇಕಾಯಿತು.

1998ರ ಸೆಪ್ಟೆಂಬರ್‌ನಲ್ಲಿ ಪಾಸ್ ಹೋಗಿ ಎಲೆಕ್ಟ್ರಾನಿಕ್ ಕಮಾನು ಬಂತು. ಅದರಡಿ ಹಾದು ಹೋದಷ್ಟು ಸಲವೂ ಕಾರಿನೊಳಗಿನ ಯಂತ್ರದ ಕಾರ್ಡಿನಿಂದ ಹಣ ಕಡಿತ. ದರ ಅರ್ಧ ಗಂಟೆಗೊಮ್ಮೆ ಬದಲು. ಹಣ ಕೊಡುವ ಪದ್ಧತಿ ಮೊದಲೇ ಇತ್ತು, ಜನಕ್ಕೆ ಅಭ್ಯಾಸವೂ ಆಗಿತ್ತು. ಆದರೂ ವಾಹನ ಇನ್ನೂ ಶೇ 10ರಿಂದ 15ರಷ್ಟು ಇಳಿಯಿತು. ಪಾಸ್ ಇದೆಯಲ್ಲ ಎಂದು ದಿನವಿಡೀ ಒಳಗೆ ಹೊರಗೆ ಓಡಾಡುತ್ತಿದ್ದವರು ಈಗ ಪ್ರತಿ ಸಲ ಯೋಚಿಸಿದರು.

ಅಲ್ಲಿ ದರವನ್ನು ತೀರ್ಮಾನಿಸುವುದು ವೇಗ. ಮುಖ್ಯ ರಸ್ತೆಗಳಲ್ಲಿ ಗಂಟೆಗೆ 20ರಿಂದ 30 ಕಿಲೋಮೀಟರ್, ಎಕ್ಸ್‌ಪ್ರೆಸ್‌ವೇಗಳಲ್ಲಿ 45ರಿಂದ 65 ಎಂಬುದು ಗುರಿ. ವೇಗ ಅದಕ್ಕಿಂತ ಇಳಿದರೆ ದರ ಏರುತ್ತದೆ. ವೇಗ ಮೇಲೆ ಹೋದರೆ ದರ ಇಳಿಯುತ್ತದೆ. ಈ ಇಳಿಕೆ ನನಗೆ ತುಂಬಾ ಇಷ್ಟವಾದ ಅಂಶ. ರಸ್ತೆ ಬೇಕಾದಷ್ಟು ಖಾಲಿಯಾದ ಮೇಲೂ ಹಣ ಹಿಂಡುತ್ತಲೇ ಇದ್ದರೆ ಅದು ಬರೀ ತೆರಿಗೆ. ಇಳಿಸುವ ನಿಯಮ ಬರಹದಲ್ಲಿದ್ದರೆ ಜನ ನಂಬುತ್ತಾರೆ.

ಇಲ್ಲೂ ಮನುಷ್ಯರ ಜಾಣತನ ಬಿಟ್ಟಿಲ್ಲ. ದರ ಬದಲಾಗುವ ಕ್ಷಣಕ್ಕೆ ಕಾಯುತ್ತಾ ಕಮಾನಿನ ಮುಂದೆ ಕೆಲವರು ನಿಧಾನ ಮಾಡುತ್ತಿದ್ದರು. ಇನ್ನು ಕೆಲವರು ದರ ಏರುವ ಮುಂಚೆ ದಾಟಲು ಜೋರಾಗಿ ಓಡಿಸುತ್ತಿದ್ದರು. ಅದಕ್ಕೆ 2003ರಲ್ಲಿ ಎರಡು ದರಗಳ ನಡುವೆ ಐದು ನಿಮಿಷದ ಸಣ್ಣ ಮೆಟ್ಟಿಲು ದರ ಇಟ್ಟರು. ಸಿಂಗಪುರವನ್ನು ಉದಾಹರಣೆ ಕೊಡುವಾಗ ಒಂದು ಮಾತು ನೆನಪಿರಲಿ: 1990ರಿಂದ ಅಲ್ಲಿ ಕಾರು ಕೊಳ್ಳುವ ಹಕ್ಕಿಗೇ ಹರಾಜು ಇದೆ. ರಸ್ತೆ ಸರಾಗವಾಗಿರುವ ಶ್ರೇಯ ಪೂರ್ತಿ ಕಮಾನಿಗೆ ಸಲ್ಲುವುದಿಲ್ಲ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಅಂಥ ಹರಾಜು ಇಲ್ಲ. ಹಾಗಾಗಿ ಬೇರೆ ಊರುಗಳಿಗೆ ಅದರ ಪಾಠವೇ ಹೆಚ್ಚು ಹತ್ತಿರ. 2006ರ ಜನವರಿಯಿಂದ ಜುಲೈವರೆಗೆ ಏಳು ತಿಂಗಳು ಪ್ರಯೋಗ ನಡೆಯಿತು. ಗಡಿಯನ್ನು ಒಳಗೆ ದಾಟಿದರೂ ಹೊರಗೆ ದಾಟಿದರೂ ಶುಲ್ಕ. ಹೊತ್ತಿಗೆ ತಕ್ಕಂತೆ 10, 15 ಅಥವಾ 20 ಕ್ರೋನಾ. ದಿನಕ್ಕೆ 60 ಮೀರುವಂತಿಲ್ಲ. ರಾತ್ರಿ, ವಾರಾಂತ್ಯ ಉಚಿತ. ಲಂಡನ್ ದರಕ್ಕೆ ಹೋಲಿಸಿದರೆ ಒಂದು ಸಲದ ದರ ತೀರಾ ಚಿಕ್ಕದು. ಆದರೂ ಗಡಿ ದಾಟುವ ವಾಹನ ಸುಮಾರು ಶೇ 20 ಇಳಿಯಿತು. ಪ್ರಯೋಗ ಮುಗಿದಾಗ ಹೆಚ್ಚಿನವು ಮರಳಿದವು. 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆದಾಗ ಮತ್ತೆ ಇಳಿದವು, ಇಳಿದೇ ಉಳಿದವು.

ಇದನ್ನು ಹತ್ತಿರದಿಂದ ಅಧ್ಯಯನ ಮಾಡಿದ ಯೋನಾಸ್ ಎಲಿಯಾಸನ್ ಒಂದು ಚಂದದ ಸಂಗತಿ ಹೇಳಿದ್ದಾರೆ. ವಾಹನ ಇಷ್ಟೊಂದು ಕಡಿಮೆಯಾಯಿತು, ಆದರೆ ಜನರನ್ನು ಕೇಳಿದರೆ ಬಹಳಷ್ಟು ಮಂದಿ ತಾವು ಏನೂ ಬದಲಿಸಿಲ್ಲ ಎಂದರು. ಸುಳ್ಳು ಹೇಳಿದ್ದಲ್ಲ. ವಾರಕ್ಕೆ ಒಂದು ಸಲ ಬಸ್ಸು, ಎರಡು ಕೆಲಸ ಸೇರಿಸಿ ಒಂದೇ ಸುತ್ತು, ಅರ್ಧ ಗಂಟೆ ತಡವಾಗಿ ಹೊರಡುವುದು. ಇಷ್ಟು ಸಣ್ಣ ಬದಲಾವಣೆ ಅವರಿಗೇ ನೆನಪಿರಲಿಲ್ಲ. ಶುಲ್ಕ ಬಂದರೆ ಬದುಕೇ ಬುಡಮೇಲಾಗುತ್ತದೆ ಎಂದು ಹೆದರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನ್ಯೂಯಾರ್ಕ್: ಎರಡರ ನಡುವೆ

2025ರ ಜನವರಿ 5ರಿಂದ ಮ್ಯಾನ್‌ಹಟನ್‌ನಲ್ಲಿ 60ನೇ ಬೀದಿಯಿಂದ ದಕ್ಷಿಣಕ್ಕೆ ಬರುವ ಕಾರಿಗೆ ಹಗಲು 9 ಡಾಲರ್, ರಾತ್ರಿ 2.25. ಮೊದಲು 15 ಡಾಲರ್ ಎಂದಿತ್ತು. 2024ರ ಜೂನ್‌ನಲ್ಲಿ ಗವರ್ನರ್ ಕ್ಯಾಥಿ ಹೋಕಲ್ ಅದನ್ನು ತಡೆಹಿಡಿದು, ಆಮೇಲೆ ಇಳಿಸಿ ತಂದರು. ದಿನಕ್ಕೊಂದೇ ಶುಲ್ಕ, ಆದರೆ ಹಗಲು ರಾತ್ರಿಗೆ ಬೇರೆ ದರ. ಇಲ್ಲಿ ಕಲಿಯಬೇಕಾದದ್ದು ಕ್ಯಾಬ್‌ಗಳ ವಿಷಯ. ದಿನವಿಡೀ ಒಳಗೇ ಸುತ್ತುವ ಟ್ಯಾಕ್ಸಿಗೆ ದಿನದ ಶುಲ್ಕ ಹಾಕಿದರೆ ಏನೂ ಆಗುವುದಿಲ್ಲ. ಅದಕ್ಕೆ ಪ್ರತಿ ಸವಾರಿಗೆ ಹಾಕಿದರು: ಟ್ಯಾಕ್ಸಿಗೆ 75 ಸೆಂಟ್, ಆ್ಯಪ್ ಕ್ಯಾಬ್‌ಗೆ ಒಂದೂವರೆ ಡಾಲರ್. ಲಂಡನ್ ಬಿಟ್ಟಿದ್ದ ಕಿಂಡಿಯನ್ನು ಇವರು ಮೊದಲ ದಿನವೇ ಮುಚ್ಚಿದರು.

ಹೊಗೆಗೆ ಶುಲ್ಕವೋ, ಜಾಗಕ್ಕೆ ಶುಲ್ಕವೋ?

ಈ ಗೊಂದಲ ಬಹಳ ಊರುಗಳಲ್ಲಿದೆ. ಮಿಲಾನ್ ಅದರ ಬೆಲೆ ತೆತ್ತು ಕಲಿತಿತು. 2008ರಲ್ಲಿ ಅಲ್ಲಿ ಬಂದ ಇಕೋಪಾಸ್ ಪ್ರಕಾರ ಹೆಚ್ಚು ಹೊಗೆ ಬಿಡುವ ವಾಹನಕ್ಕೆ ಮಾತ್ರ ಶುಲ್ಕ. ಜನ ಹೊಸ ಕಾರು ಕೊಂಡರು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಹೊಸ ಕಾರೂ ಹಳೆಯ ಕಾರಿನಷ್ಟೇ ಜಾಗ ಹಿಡಿಯುತ್ತದೆ. ರಸ್ತೆ ಮತ್ತೆ ತುಂಬಿತು. 2012ರಲ್ಲಿ ಅದೇ ಜಾಗಕ್ಕೆ ಏರಿಯಾ ಸಿ ಎಂಬ ಹೆಸರಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ 5 ಯೂರೋ ಹಾಕಿದರು. ವಾಹನ ಸುಮಾರು ಶೇ 30 ಇಳಿಯಿತು. ಎಲೆಕ್ಟ್ರಿಕ್ ಕಾರಿಗೆ ರಿಯಾಯಿತಿ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಜಾಮ್‌ನಲ್ಲಿ ನಿಂತ ಎಲೆಕ್ಟ್ರಿಕ್ ಕಾರಿನ ಹಿಂದೆ ಬಸ್ಸೂ ನಿಂತಿರುತ್ತದೆ.

ಗಡಿಯೇ ಬೇಡ ಎಂದರೆ: ಪಾರ್ಕಿಂಗ್

ಕ್ಯಾಮೆರಾ, ಕಮಾನು, ಕಾನೂನು ಎಲ್ಲಕ್ಕೂ ವರ್ಷಗಟ್ಟಲೆ ಬೇಕು. ಅಷ್ಟು ಕಾಯಲಾಗದ ಊರಿಗೆ, ಚಿಕ್ಕ ಊರಿಗೆ, ನಾನು ಮೊದಲು ಹೇಳುವುದು ಪಾರ್ಕಿಂಗ್ ದರ. ಬೀದಿ ಬದಿಯ ಜಾಗ ಪುಕ್ಕಟೆ ಸಿಗುವಾಗ ಅದನ್ನು ಹುಡುಕುತ್ತಾ ಸುತ್ತುವ ಕಾರುಗಳೇ ಜಾಮ್‌ಗೆ ದೊಡ್ಡ ಕಾರಣವಾಗುತ್ತವೆ. ಸ್ಯಾನ್ ಫ್ರಾನ್ಸಿಸ್ಕೋ 2011ರಲ್ಲಿ ಬೀದಿ ಬೀದಿಗೂ, ಹೊತ್ತು ಹೊತ್ತಿಗೂ ಬೇರೆ ದರ ಇಟ್ಟು ನೋಡಿತು. ಜಾಗ ಸದಾ ತುಂಬಿದ್ದರೆ ದರ ಏರಿಕೆ, ಖಾಲಿ ಹೊಡೆಯುತ್ತಿದ್ದರೆ ಇಳಿಕೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಬೇರೆ ದಾರಿ ಹಿಡಿಯಿತು. 2012ರ ಏಪ್ರಿಲ್‌ನಿಂದ ಅಲ್ಲಿ 11 ಅಥವಾ ಹೆಚ್ಚು ಕಾರು ನಿಲ್ಲಿಸುವ ಜಾಗ ಇಟ್ಟುಕೊಂಡ ಕಚೇರಿಗಳು ಪ್ರತಿ ಜಾಗಕ್ಕೂ ವರ್ಷಕ್ಕಿಷ್ಟು ಕಟ್ಟುತ್ತವೆ. ಆ ಹಣ ಟ್ರಾಮ್‌ಗೆ ಹೋಯಿತು.

ಇದರ ಮಿತಿ ಸ್ಪಷ್ಟ. ನಿಲ್ಲಿಸದೆ ಹಾದು ಹೋಗುವವರನ್ನು ಪಾರ್ಕಿಂಗ್ ದರ ಮುಟ್ಟುವುದಿಲ್ಲ. ನಿಮ್ಮ ಊರಿನ ನಡುಭಾಗ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವವರ ಹೆದ್ದಾರಿಯಂತಾಗಿದ್ದರೆ ಗಡಿ ಶುಲ್ಕವೇ ಬೇಕು. ಬಂದವರಲ್ಲಿ ಹೆಚ್ಚಿನವರು ಅಲ್ಲೇ ನಿಲ್ಲಿಸುವವರಾದರೆ ಪಾರ್ಕಿಂಗ್ ದರದಿಂದಲೇ ಬಹಳಷ್ಟು ಕೆಲಸ ಆಗುತ್ತದೆ.

ಪಟ್ಟಿಯಿಂದ ತೆಗೆಯಬಹುದಾದವು

ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ಕಾರು ತಡೆಯುವುದು ಸುಲಭದ ದಾರಿಯಂತೆ ಕಾಣುತ್ತದೆ. ಮೆಕ್ಸಿಕೋ ಸಿಟಿ 1989ರಲ್ಲಿ ಪ್ರತಿ ಕಾರಿಗೂ ವಾರಕ್ಕೊಂದು ದಿನ ರಜೆ ಕೊಟ್ಟಿತು. ಜನ ಬೇರೆ ನಂಬರಿನ ಎರಡನೆಯ ಕಾರು ಕೊಂಡರು, ಅದೂ ಹೆಚ್ಚು ಹೊಗೆ ಬಿಡುವ ಹಳೆಯ ಕಾರು. ಅರ್ಥಶಾಸ್ತ್ರಜ್ಞ ಲೂಕಸ್ ಡೇವಿಸ್ ಲೆಕ್ಕ ಹಾಕಿ ನೋಡಿದಾಗ ಗಾಳಿ ಸುಧಾರಿಸಿದ್ದಕ್ಕೆ ಪುರಾವೆಯೇ ಸಿಗಲಿಲ್ಲ. ಆಸ್ಪತ್ರೆಗೆ ಓಡುವವರನ್ನೂ ಸುಮ್ನೆ ಸುತ್ತುವವರನ್ನೂ ಈ ನಿಯಮ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅವಸರ ಯಾರದು ಎಂದು ಅದಕ್ಕೆ ಗೊತ್ತಿಲ್ಲ.

ರಸ್ತೆ ಅಗಲ ಮಾಡುವುದು ಇನ್ನೊಂದು. ಅರ್ಥಶಾಸ್ತ್ರಜ್ಞರಾದ ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಅಂಕಿ ಅಂಶ ತೆಗೆದು ತೋರಿಸಿದರು: ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ, ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತು.

ಓಡಿಸಿದ ಕಿಲೋಮೀಟರ್‌ಗೆ ತಕ್ಕ ಶುಲ್ಕ ಲೆಕ್ಕದ ಪ್ರಕಾರ ಎಲ್ಲಕ್ಕಿಂತ ನ್ಯಾಯವಾದದ್ದು. ಆದರೆ ನೀವು ಎಲ್ಲಿಗೆ ಹೋದಿರಿ ಎಂಬುದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕೂರುತ್ತದೆ. ಹಾಂಗ್‌ಕಾಂಗ್ 1983ರಿಂದ 85ರವರೆಗೆ ಎಲೆಕ್ಟ್ರಾನಿಕ್ ಶುಲ್ಕದ ಪ್ರಯೋಗ ಮಾಡಿತು. ಯಂತ್ರ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಸರ್ಕಾರ ನಮ್ಮ ಓಡಾಟ ನೋಡುತ್ತದೆ ಎಂಬ ಭಯ ಅದನ್ನು ಮುಳುಗಿಸಿದ ಕಾರಣಗಳಲ್ಲಿ ಒಂದಾಯಿತು. ಮಾಹಿತಿಯನ್ನು ಯಾರು, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಗಟ್ಟಿ ಕಾನೂನು ಇಲ್ಲದ ಕಡೆ ಇದಕ್ಕೆ ಕೈ ಹಾಕದಿರುವುದೇ ಲೇಸು.

ಬಡವರಿಗೆ ಹೊರೆಯಲ್ಲವೇ?

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಸ್ಸು ಓಡದ ಹೊತ್ತಿನಲ್ಲಿ ಪಾಳಿ ಮುಗಿಸಿ ಮನೆಗೆ ಹೋಗುವ ನರ್ಸ್‌ಗೆ ಈ ಶುಲ್ಕ ನಿಜವಾಗಿಯೂ ಹೊರೆ. ಆದರೆ ಆ ಹೊತ್ತಿನಲ್ಲಿ ರಸ್ತೆ ಖಾಲಿ ಇರುತ್ತದೆ. ಹೊತ್ತಿಗೆ ತಕ್ಕ ದರವಿದ್ದರೆ ಅವರು ಕಟ್ಟುವುದು ಸೊನ್ನೆ. ದಿನವಿಡೀ ಒಂದೇ ದರವಿದ್ದರೆ ಮಾತ್ರ ಅವರು ಸಿಕ್ಕಿಬೀಳುತ್ತಾರೆ. ಇನ್ನು, ಪೀಕ್ ಅವರ್‌ನಲ್ಲಿ ನಗರದ ನಡುಭಾಗಕ್ಕೆ ಬರುವವರಲ್ಲಿ ಕಡಿಮೆ ಆದಾಯದವರು ಹೆಚ್ಚಾಗಿ ಇರುವುದು ಬಸ್ಸಿನಲ್ಲಿ. ಆ ಬಸ್ಸು ಈಗ ಜಾಮ್‌ನಲ್ಲಿ ನಿಂತಿದೆ.

ರಿಯಾಯಿತಿ ಪಟ್ಟಿ ಉದ್ದವಾದಷ್ಟೂ ಯೋಜನೆ ಸೊರಗುತ್ತದೆ. ಅಂಗವಿಕಲರಿಗೆ, ತುರ್ತು ವಾಹನಗಳಿಗೆ ಕೊಡಲೇಬೇಕು. ಉಳಿದ ನೆರವನ್ನು ಬೇರೆ ಕಡೆಯಿಂದ, ಹಣವಾಗಿಯೋ ಬಸ್ ಪಾಸ್ ಆಗಿಯೋ ಕೊಡುವುದು ಮೇಲು. ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಕಾನೂನಿನಲ್ಲೇ ಬರೆದಿರಬೇಕು. ಲಂಡನ್‌ನಲ್ಲಿ ಅದು ಸಾರಿಗೆಗೇ ಮೀಸಲು. ನ್ಯೂಯಾರ್ಕ್‌ನಲ್ಲಿ ಸಬ್‌ವೇ, ಬಸ್ಸು, ರೈಲಿಗೆ 15 ಶತಕೋಟಿ ಡಾಲರ್ ಸಾಲ ಎತ್ತಲು ಅದೇ ಆಧಾರ.

ಜನರನ್ನು ಯಾವಾಗ ಕೇಳಬೇಕು?

ಎಡಿನ್‌ಬರೋ 2005ರಲ್ಲಿ ಯೋಜನೆ ಶುರುವಾಗುವ ಮುಂಚೆ ಮತ ಕೇಳಿತು. ಸುಮಾರು ಶೇ 74 ಮಂದಿ ಬೇಡ ಎಂದರು. ಮ್ಯಾಂಚೆಸ್ಟರ್ 2008ರಲ್ಲಿ ಕೇಳಿತು. ಸುಮಾರು ಶೇ 79 ಬೇಡ. ಸ್ಟಾಕ್‌ಹೋಮ್ ಮಾತ್ರ ಏಳು ತಿಂಗಳು ನಡೆಸಿ, ನಿಲ್ಲಿಸಿ, ಆಮೇಲೆ 2006ರ ಸೆಪ್ಟೆಂಬರ್‌ನಲ್ಲಿ ಕೇಳಿತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಬೇಕು ಎಂದರು. ಮುಂದಿನ ವರ್ಷಗಳಲ್ಲಿ ಬೆಂಬಲ ಇನ್ನೂ ಏರಿತು. ಮಿಲಾನ್ ಕೂಡ ಇಕೋಪಾಸ್ ಅನುಭವದ ಮೇಲೆ 2011ರಲ್ಲಿ ಕೇಳಿತು, ಸುಮಾರು ಶೇ 79 ಮಂದಿ ಒಪ್ಪಿದರು. ರಸ್ತೆ ಸರಾಗವಾದದ್ದನ್ನು ಕಣ್ಣಾರೆ ಕಂಡವರ ಉತ್ತರವೇ ಬೇರೆ.

ಎಲ್ಲ ಕಡೆ ಹೀಗೇ ಆಗುತ್ತದೆ ಎಂದು ನಂಬಿಸುವುದು ತಪ್ಪು. ಸ್ವೀಡನ್ನಿನದೇ ಇನ್ನೊಂದು ನಗರ ಗೋಥೆನ್‌ಬರ್ಗ್ 2013ರ ಜನವರಿಯಲ್ಲಿ ಶುಲ್ಕ ತಂದು, 2014ರಲ್ಲಿ ಮತ ಕೇಳಿತು. ಶೇ 57 ಮಂದಿ ಬೇಡ ಎಂದರು. ಆ ಮತಕ್ಕೆ ಕಾನೂನಿನ ಬಲ ಇರಲಿಲ್ಲ, ಶುಲ್ಕ ಉಳಿಯಿತು. ಅಲ್ಲಿ ಜಾಮ್ ಮೊದಲೇ ಅಷ್ಟಿರಲಿಲ್ಲ. ಬಸ್ಸು, ಟ್ರಾಮ್ ಬಳಸುವವರೂ ಸ್ಟಾಕ್‌ಹೋಮ್‌ಗಿಂತ ಕಡಿಮೆ. ಕೊಟ್ಟ ಹಣಕ್ಕೆ ಕಣ್ಣಿಗೆ ಕಾಣುವ ಫಲ ಸಣ್ಣದು. ನಿಮ್ಮ ಊರಿನ ರಸ್ತೆ ದಿನಕ್ಕೆ ಅರ್ಧ ಗಂಟೆ ಮಾತ್ರ ಕಟ್ಟಿಕೊಳ್ಳುತ್ತಿದ್ದರೆ ಈ ಶುಲ್ಕವೇ ಬೇಡ, ಪಾರ್ಕಿಂಗ್ ದರ ಸರಿಮಾಡಿ ಸಾಕು ಎಂದು ನಾನು ಹೇಳುವುದು ಇದಕ್ಕೇ.

ಜಾಮ್ ನಿಜವಾಗಿಯೂ ದೊಡ್ಡದಿದ್ದು, ಕ್ಯಾಮೆರಾ ಹಾಕುವಷ್ಟು ಹಣ ಇದ್ದರೆ ನನ್ನ ಆಯ್ಕೆ ಸ್ಟಾಕ್‌ಹೋಮ್ ಮಾದರಿ: ದಾಟಿದಷ್ಟು ಸಲ, ಹೊತ್ತಿಗೆ ತಕ್ಕಂತೆ, ದಿನಕ್ಕೊಂದು ಮಿತಿ, ರಾತ್ರಿ ಉಚಿತ. ಆದರೆ ಬಸ್ಸು ಮೊದಲು ಬರಬೇಕು. ಸ್ಟಾಕ್‌ಹೋಮ್ 2005ರ ಆಗಸ್ಟ್‌ನಲ್ಲೇ, ಶುಲ್ಕಕ್ಕೆ ನಾಲ್ಕು ತಿಂಗಳಿಗೂ ಮುಂಚೆ, 197 ಹೊಸ ಬಸ್ಸು ಮತ್ತು 16 ಹೊಸ ಮಾರ್ಗ ಕೊಟ್ಟಿತ್ತು. "ಬಸ್ಸು ಜಾಸ್ತಿ ಮಾಡಿ, ಶುಲ್ಕ ಯಾಕೆ?" ಎಂದು ಕೇಳುವವರಿಗೆ ಆ ತಿಂಗಳುಗಳೇ ಉತ್ತರ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹೊಸ ಬಸ್ಸುಗಳು ಓಡಿದವು. ಕಾರುಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಅದು ಇಳಿದದ್ದು ಜನವರಿ 3ರ ಬೆಳಿಗ್ಗೆ, ಶುಲ್ಕ ಶುರುವಾದ ದಿನ.